ಬೇರೆ ಬೆಂಚು
(ಹದಿನಾರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



2022ರ ಫೆಬ್ರವರಿಯಲ್ಲಿ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಶಿರವಸ್ತ್ರ ಧರಿಸಿ ಬಂದ ವಿದ್ಯಾರ್ಥಿನಿಯರನ್ನು ಗೇಟಿನೊಳಗೆ ಬಿಟ್ಟು, ಬೇರೆ ಕೋಣೆಯಲ್ಲಿ ಕುಳ್ಳಿರಿಸಲಾಯಿತು. ಸಹಪಾಠಿಗಳ ಜೊತೆ ಪಾಠ ಕೇಳುವ ಅವಕಾಶ ಅವರಿಗೆ ಸಿಗಲಿಲ್ಲ. ಆ ದೃಶ್ಯವನ್ನು ಕಂಡು ನಮ್ಮ ಮನೆಗಳಲ್ಲಿ ಎಷ್ಟೋ ತಾಯಂದಿರು ಕಣ್ಣೀರಿಟ್ಟರು. 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಿಷೇಧ ಹಿಂಪಡೆಯುವ ಮಾತನ್ನಾಡಿದ್ದು ನಿಮ್ಮ ನಂಜನಗೂಡು ತಾಲೂಕಿನಲ್ಲೇ. ಮರುದಿನವೇ ಅದು ಇನ್ನೂ ಆಲೋಚನೆಯಷ್ಟೇ ಎಂದದ್ದೂ ನಿಮಗೆ ನೆನಪಿರಬಹುದು.

ವಿದ್ಯಾರ್ಥಿಯನ್ನು ಹೀಗೆ ಬೇರ್ಪಡಿಸಿ ಕುಳ್ಳಿರಿಸುವುದಕ್ಕೆ ಒಂದು ಚರಿತ್ರೆಯಿದೆ. ನಮ್ಮ ನಾಡಿನಲ್ಲಿ ದಲಿತ ಮಕ್ಕಳು ಅದನ್ನು ತಲೆಮಾರುಗಳಿಂದ ಬಲ್ಲರು. ಯುರೋಪಿನಲ್ಲಿ ಅದನ್ನು ಅನುಭವಿಸಿದವರು ಯಹೂದಿ ವಿದ್ಯಾರ್ಥಿಗಳು. ಹಿಟ್ಲರನು ಅಧಿಕಾರಕ್ಕೆ ಬಂದ 1933ರ ಏಪ್ರಿಲ್‌ನಲ್ಲೇ ಜರ್ಮನಿಯ ಶಾಲೆ ಮತ್ತು ವಿಶ್ವವಿದ್ಯಾನಿಲಯಗಳ ಹೊಸ ದಾಖಲಾತಿಯಲ್ಲಿ ಯಹೂದಿಗಳ ಪಾಲನ್ನು ಶೇ. 1.5ಕ್ಕೆ ಇಳಿಸುವ ಕಾನೂನು ಬಂತು. ಸ್ವತಂತ್ರ ಚಿಂತನೆಯ ತವರೆಂದು ಹೆಸರಾದ ಅಮೆರಿಕದ ಹಾರ್ವರ್ಡ್‌ನಲ್ಲಿಯೂ 1922ರಲ್ಲಿ ಅದರ ಅಧ್ಯಕ್ಷ ಲೊವೆಲ್ ಯಹೂದಿಗಳ ಸಂಖ್ಯೆಗೆ ಮಿತಿ ಹಾಕಹೊರಟಿದ್ದರು. ಪೋಲೆಂಡಿನಲ್ಲಂತೂ 1930ರ ದಶಕದಲ್ಲಿ ತರಗತಿಯ ಎಡಭಾಗದ ಬೆಂಚುಗಳನ್ನು ಯಹೂದಿಗಳಿಗೆಂದು ಮೀಸಲಿಡಲಾಯಿತು. 'ಘೆಟ್ಟೋ ಬೆಂಚು' ಎಂದೇ ಅದಕ್ಕೆ ಹೆಸರು. 1937ರಲ್ಲಿ ಅದಕ್ಕೆ ಸರಕಾರದ ಒಪ್ಪಿಗೆಯೂ ದೊರೆಯಿತು. ಬಹಳಷ್ಟು ಯಹೂದಿ ವಿದ್ಯಾರ್ಥಿಗಳು ಆ ಬೆಂಚಿನಲ್ಲಿ ಕೂರಲು ಒಪ್ಪಲಿಲ್ಲ. ತರಗತಿಯ ಹಿಂದೆ ನಿಂತುಕೊಂಡೇ ಪಾಠ ಕೇಳಿದರು. ಅವರೊಂದಿಗೆ ನಿಂತ ಕೆಲವು ಪೋಲಿಷ್ ಪ್ರಾಧ್ಯಾಪಕರೂ ಇದ್ದರು. ಲ್ವೂವ್ ವಿಶ್ವವಿದ್ಯಾನಿಲಯದ ಕುಲಪತಿ ಕುಲ್ಚಿನ್ಸ್ಕಿ ಆ ಆದೇಶಕ್ಕೆ ಸಹಿ ಹಾಕುವ ಬದಲು 1938ರ ಜನವರಿಯಲ್ಲಿ ಹುದ್ದೆಯನ್ನೇ ತ್ಯಜಿಸಿದರು. ಕುಂದಾಪುರದ ಕೋಣೆಯನ್ನೂ ಲ್ವೂವ್‌ನ ಬೆಂಚನ್ನೂ ಸಮವೆಂದು ನಾನು ಹೇಳುತ್ತಿಲ್ಲ. ಆ ಬೆಂಚಿನಲ್ಲಿ ಕೂರಲೊಪ್ಪದವರಲ್ಲಿ ಬಹುಪಾಲು ಮಂದಿ ಮುಂದಿನ ಕೆಲವೇ ವರ್ಷಗಳಲ್ಲಿ ನಾಝಿಗಳ ಕೈಯಲ್ಲಿ ಹತರಾದರು. ಆದರೆ ಬೇರೆ ಕೂರಿಸಲ್ಪಟ್ಟವರ ಅವಮಾನವೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇಷ್ಟಾದರೂ ನಮ್ಮ ನಾಲಗೆಯ ಸ್ಥಿತಿಯೇನು? ನಾನು ಮದ್ರಸದಲ್ಲಿ ಕಲಿಯುತ್ತಿದ್ದಾಗ ಜಿಪುಣ ಗೆಳೆಯನನ್ನು ನಾವು 'ಯಹೂದಿ' ಎಂದು ಹೀಯಾಳಿಸುತ್ತಿದ್ದೆವು. ನಮ್ಮಲ್ಲಿ ಒಬ್ಬನೂ ಯಹೂದಿಯ ಮುಖ ಕಂಡವನಲ್ಲ! ನಾನೂ ಹಾಗೆ ಕರೆದಿದ್ದೇನೆ. ಬಿ.ಎ. ಓದುವಾಗ ಚರಿತ್ರೆಯ ಪಾಠದಲ್ಲಿ ಆ ಬೆಂಚುಗಳ ವಿಷಯ ಬಂದಾಗಲೇ ನನಗೆ ನಾಚಿಕೆಯಾದದ್ದು.

ಗಾಝಾದಲ್ಲಿ ಇಸ್ರೇಲ್ ನಡೆಸಿದ ನರಮೇಧವನ್ನು ನೋಡಿಯೂ ಸುಮ್ಮನಿರಬೇಕೇ ಎಂದು ನೀವು ಕೇಳಬಹುದು. ಖಂಡಿತ ಸುಮ್ಮನಿರಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಗಾಝಾಕ್ಕಾಗಿ ಹುಲ್ಲುಹಾಸಿನ ಮೇಲೆ ಡೇರೆ ಹಾಕಿದರು. ಅವರಲ್ಲಿ ಯಹೂದಿಗಳೂ ಇದ್ದರು. ತಮ್ಮ ಪಸ್ಕ ಹಬ್ಬದ ಊಟವನ್ನು ಅವರು ಆ ಡೇರೆಗಳ ನಡುವೆಯೇ ಮಾಡಿದರು. ಅದೇ ವಾರ, ಅದೇ ಆವರಣದ ಬಳಿ ಬೇರೆ ಯಹೂದಿ ವಿದ್ಯಾರ್ಥಿಗಳನ್ನು ಅವರ ಧರ್ಮದ ಹೆಸರೆತ್ತಿ ನಿಂದಿಸಲಾಯಿತು. ಮನೆಗೆ ಹೋಗಿಬಿಡಿ ಎಂದು ಅಲ್ಲಿನ ಒಬ್ಬ ಯಹೂದಿ ಧರ್ಮಗುರು ಅವರಿಗೆ ಸಲಹೆಯಿತ್ತರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2023ರ ನವೆಂಬರಿನಲ್ಲಿ, ವರ್ಮಾಂಟ್ ರಾಜ್ಯದ ಬೀದಿಯಲ್ಲಿ ಮೂವರು ಫೆಲೆಸ್ತೀನಿ ವಿದ್ಯಾರ್ಥಿಗಳಿಗೆ ಗುಂಡಿಕ್ಕಲಾಗಿತ್ತು. ಗುಂಡೇಟು ತಿಂದ ವಿದ್ಯಾರ್ಥಿಗಾಗಿ ಮರುಗುವ ನಾವು, ಬೈಗುಳಕ್ಕೆ ಹೆದರಿ ಮನೆಗೆ ಹೊರಟ ವಿದ್ಯಾರ್ಥಿಯ ಬಗ್ಗೆ 'ಹಾಗೇ ಆಗಬೇಕು' ಎಂದರೆ, ಕುಂದಾಪುರದ ಬಗ್ಗೆ ಮಾತನಾಡಲು ನಮಗೆ ಯಾವ ಬಾಯಿ ಉಳಿಯುತ್ತದೆ? ಇಸ್ರೇಲಿನ ಸರಕಾರವನ್ನು, ಅದರ ಸೇನೆಯನ್ನು, ಝಿಯೋನಿಸ್ಟ್ ರಾಜಕೀಯವನ್ನು ಹೆಸರು ಹಿಡಿದು ಖಂಡಿಸಿರಿ. ಹಾಸ್ಟೆಲಿನ ಪಕ್ಕದ ಕೋಣೆಯ ಹುಡುಗ ಅದಕ್ಕೆ ಉತ್ತರದಾಯಿಯಲ್ಲ. ಎಲ್ಲೋ ಬಾಂಬು ಸಿಡಿದಾಗಲೆಲ್ಲ ಬಾಡಿಗೆ ಮನೆಯ ಮಾಲಕರು ನಮ್ಮ ಮುಖ ನೋಡುವುದಿಲ್ಲವೇ?

ಮದೀನಾದಲ್ಲಿ ನಡೆದ ಒಂದು ಪ್ರಕರಣವನ್ನು ಕುರ್‌ಆನ್ ವ್ಯಾಖ್ಯಾನಕಾರರು ದಾಖಲಿಸಿದ್ದಾರೆ. ಮುಸ್ಲಿಮನೆನಿಸಿಕೊಂಡ ತಅ್‌ಮಃ ಎಂಬಾತ ಒಂದು ಕವಚವನ್ನು ಕದ್ದು, ಆರೋಪವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ. ಅವನ ಕುಲದವರೆಲ್ಲ ಪ್ರವಾದಿವರ್ಯರ(ಸ) ಬಳಿಗೆ ಬಂದು ತಮ್ಮವನ ಪರವಾಗಿ ವಾದಿಸಿದರು. ಮದೀನಾದ ಯಹೂದಿ ಗೋತ್ರಗಳಿಗೂ ಮುಸ್ಲಿಮರಿಗೂ ಸಂಬಂಧ ಹದಗೆಟ್ಟಿದ್ದ ಕಾಲವದು. ಆಗ ಅವತೀರ್ಣಗೊಂಡದ್ದು ಅನ್ನಿಸಾ ಅಧ್ಯಾಯದ 105ರಿಂದ ಮುಂದಿನ ವಚನಗಳು. ಅವು ಆ ಯಹೂದಿಯನ್ನು ನಿರಪರಾಧಿಯೆಂದು ಸಾರಿದವು. ವಂಚಕರ ಪರ ವಾದಿಸಕೂಡದೆಂದು ಆಜ್ಞಾಪಿಸಿದವು. ಪ್ರತಿ ರಮಝಾನಿನಲ್ಲಿ ತರಾವೀಹ್ ನಮಾಝಿನಲ್ಲಿ ನಿಂತು ನಾವು ಈ ವಚನಗಳನ್ನು ಆಲಿಸುತ್ತೇವೆ.