ತಳದಲ್ಲಿರುವ ಇಸವಿ

ಹಳೆಯ ಪಿಂಗಾಣಿಯ ಹುಚ್ಚು ಹಿಡಿದವರನ್ನು ನೀವು ನೋಡಿರಬಹುದು. ಹೂದಾನಿಯೊಂದು ಕೈಗೆ ಬಂದರೆ ಅದರ ಮೈಮೇಲಿನ ಹೂಬಳ್ಳಿಯ ಕಡೆ ಆಮೇಲೆ ಗಮನ ಕೊಡುತ್ತಾರೆ; ಮೊದಲು ಮಗುಚಿ ತಳ ನೋಡುತ್ತಾರೆ. ಅಲ್ಲೊಂದು ಕಿರೀಟವೋ, ಲಂಗರೋ, ನಾಲ್ಕಾರು ಅಕ್ಷರವೋ ಇರುತ್ತದೆ. ಅದನ್ನು ಓದಿ ಇದು ಇಂಥ ಊರಿನದು, ಇಂಥ ಕಾಲದ್ದು ಅನ್ನುತ್ತಾರೆ. ಮಾಡಿದವರು ತಮ್ಮ ಹೆಸರು ಉಳಿಯಲೆಂದು ಈ ಗುರುತು ಹಾಕಿದ್ದಾರೆ ಎಂದು ನಮಗನಿಸುವುದು ಸಹಜ. ಆದರೆ ಇವುಗಳಲ್ಲಿ ಬಹಳಷ್ಟು ಗುರುತುಗಳು ಹುಟ್ಟಿದ್ದು ನಕಲು ಮಾಡುವವರ ಭಯದಿಂದ, ಕಾನೂನಿನ ಒತ್ತಾಯದಿಂದ, ಸುಂಕದವರ ಕಾಟದಿಂದ. ಆ ಕಾನೂನುಗಳು ಬಂದ ಇಸವಿ ಗೊತ್ತಿರುವುದರಿಂದಲೇ ಇವತ್ತು ಪಾತ್ರೆಯ ವಯಸ್ಸನ್ನೂ ಲೆಕ್ಕ ಹಾಕಲು ಸಾಧ್ಯವಾಗಿದೆ.

ಚೀನಾದಿಂದ ಶುರು ಮಾಡೋಣ. ಅಲ್ಲಿನ ಜಿಂಗ್‌ದೆಜೆನ್ ಪಿಂಗಾಣಿಯ ತವರು. ಅಲ್ಲಿಯ ಪಾತ್ರೆಗಳ ತಳದಲ್ಲಿ ನೀಲಿ ಬಣ್ಣದ ಆರು ಅಕ್ಷರಗಳಲ್ಲಿ ರಾಜವಂಶ ಮತ್ತು ಚಕ್ರವರ್ತಿಯ ಆಳ್ವಿಕೆಯ ಹೆಸರು ಬರೆಯುವ ರೂಢಿಯಿತ್ತು. ಓದಲು ಬಂದರೆ ಕಾಲ ಗೊತ್ತಾಯಿತು ಅನ್ನುವಷ್ಟು ಸುಲಭ ಎಂದುಕೊಂಡರೆ ಮೋಸ ಹೋಗುತ್ತೀರಿ. ಕಾಂಗ್‌ಷಿ ಚಕ್ರವರ್ತಿಯ ಕಾಲದಲ್ಲಿ, 1677ರಲ್ಲಿ, ಅಲ್ಲಿನ ಅಧಿಕಾರಿಯೊಬ್ಬ ಚಕ್ರವರ್ತಿಯ ಹೆಸರನ್ನು ಪಾತ್ರೆಗಳ ಮೇಲೆ ಬರೆಯಬಾರದೆಂದು ಅಪ್ಪಣೆ ಮಾಡಿದ. ಪಾತ್ರೆ ಒಡೆದು ತಿಪ್ಪೆ ಸೇರಿದರೆ ದೊರೆಯ ಹೆಸರೂ ತಿಪ್ಪೆ ಸೇರುತ್ತದಲ್ಲ! ಹಾಗಾಗಿ ಕೆಲವರು ಎರಡು ಬಳೆಯಂಥ ವೃತ್ತ ಬರೆದು ಒಳಗೆ ಖಾಲಿ ಬಿಟ್ಟರು, ಕೆಲವರು ಒಂದು ಎಲೆ ಬರೆದರು. ಇನ್ನು ಕೆಲವರು ಇನ್ನೂರು ವರ್ಷ ಹಿಂದೆ, 1465ರಿಂದ 1487ರವರೆಗೆ ಆಳಿದ ಚೆಂಗ್‌ಹುವಾ ಚಕ್ರವರ್ತಿಯ ಹೆಸರು ಬರೆದರು. ಆ ಕಾಲದ ಪಿಂಗಾಣಿಯ ಮೇಲೆ ಅವರಿಗಿದ್ದ ಗೌರವವೂ ಇದಕ್ಕೆ ಕಾರಣ. ಅಂಥ ಬಟ್ಟಲನ್ನು ಗುರುತಿನ ಮಾತು ನಂಬಿ ಕೊಂಡವರು ಎರಡು ಶತಮಾನದ ಬೆಲೆ ಹೆಚ್ಚಿಗೆ ಕೊಟ್ಟಂತೆ.

ಯುರೋಪಿನಲ್ಲಿ ಗಟ್ಟಿ ಪಿಂಗಾಣಿ ಮಾಡುವ ಗುಟ್ಟು ಮೊದಲು ಒಲಿದದ್ದು ಜರ್ಮನಿಯ ಸ್ಯಾಕ್ಸನಿಗೆ. ಅಲ್ಲಿನ ಮೈಸೆನ್ ಕಾರ್ಖಾನೆ 1710ರಲ್ಲಿ ಆರಂಭವಾಯಿತು. 1720ರ ದಶಕದಲ್ಲಿ ಅವರು ಅಡ್ಡಹಾಕಿದ ಎರಡು ನೀಲಿ ಕತ್ತಿಗಳ ಗುರುತನ್ನು ಬಳಕೆಗೆ ತಂದರು. ಅದು ಅಲ್ಲಿನ ಅರಸರ ಲಾಂಛನದಿಂದ ಬಂದದ್ದು. ನಕಲು ತಡೆಯಲೆಂದು ಹಾಕಿದ ಆ ಕತ್ತಿಗಳನ್ನೇ ಎಲ್ಲರೂ ನಕಲು ಮಾಡಿದರು. ಇಂಗ್ಲೆಂಡಿನ ವುಸ್ಟರ್‌ನವರು ಹದಿನೆಂಟನೆಯ ಶತಮಾನದಲ್ಲೇ ಮಾಡಿದರು. ಮುಂದಿನ ಶತಮಾನದಲ್ಲಿ ಪ್ಯಾರಿಸಿನ ಸ್ಯಾಮ್ಸನ್ ಕಾರ್ಖಾನೆಯಂತೂ ಹಳೆಯ ಪಿಂಗಾಣಿಯ ಪ್ರತಿಕೃತಿಗಳನ್ನು ಮಾಡುವುದನ್ನೇ ದೊಡ್ಡ ಉದ್ಯೋಗವಾಗಿ ನಡೆಸಿತು.

ಇಲ್ಲಿಂದ ಇಂಗ್ಲೆಂಡಿಗೆ ಬರೋಣ. ನನ್ನ ಲೆಕ್ಕದಲ್ಲಿ ಈ ಇತಿಹಾಸದ ಅತಿ ಸ್ವಾರಸ್ಯದ ಭಾಗ ಅಲ್ಲಿಯದು. ಸ್ಟಾಫರ್ಡ್‌ಶೈರ್ ಸೀಮೆಯಲ್ಲಿ ನೂರಾರು ಕಾರ್ಖಾನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬರ ವಿನ್ಯಾಸ ಚೆನ್ನಾಗಿ ಮಾರಾಟವಾದರೆ ಪಕ್ಕದವರೂ ಅದನ್ನೇ ಮಾಡುತ್ತಿದ್ದರು. ಹೆಸರನ್ನೂ ಬಿಡುತ್ತಿರಲಿಲ್ಲ. ಸ್ಟಾಕ್ಟನ್ ಊರಿನ ವಿಲಿಯಂ ಸ್ಮಿತ್ ಕಂಪನಿ ಹೆಸರಾಂತ ವೆಜ್‌ವುಡ್ ಕಾರ್ಖಾನೆಯ ಹೆಸರಿನ ನಡುವೆ ಒಂದು ‘ಇ’ ಅಕ್ಷರ ಹೆಚ್ಚಿಗೆ ಸೇರಿಸಿ ತನ್ನ ತಟ್ಟೆಗಳ ಮೇಲೆ ಒತ್ತುತ್ತಿತ್ತು. 1848ರಲ್ಲಿ ನ್ಯಾಯಾಲಯ ಅದನ್ನು ನಿಲ್ಲಿಸಿತು. ಇವತ್ತಿಗೂ ಆ ಹೆಚ್ಚುವರಿ ‘ಇ’ ಕಂಡರೆ ಬಲ್ಲವರು ತಟ್ಟೆಯನ್ನು ಮೆಲ್ಲನೆ ಕೆಳಗಿಡುತ್ತಾರೆ.

ವಿನ್ಯಾಸದ ಕಳ್ಳತನ ತಡೆಯಲು 1842ರಲ್ಲಿ ಕಾನೂನು ಬಂತು. ವಿನ್ಯಾಸವನ್ನು ಸರ್ಕಾರದಲ್ಲಿ ನೋಂದಾಯಿಸಿದರೆ ಮಣ್ಣಿನ ಸಾಮಾನಿಗೆ ಮೂರು ವರ್ಷದ ರಕ್ಷಣೆ. ನೋಂದಾಯಿಸಿದ್ದಕ್ಕೆ ಸಾಕ್ಷಿಯಾಗಿ ಇಸ್ಪೀಟಿನ ಡೈಮಂಡ್ ಆಕಾರದ ಗುರುತು. ನೆತ್ತಿಯ ಮೇಲಿನ ಪುಟ್ಟ ವೃತ್ತದಲ್ಲಿ ರೋಮನ್ ನಾಲ್ಕು ಇದ್ದರೆ ಅದು ಪಿಂಗಾಣಿ ಮತ್ತು ಮಣ್ಣಿನ ಸಾಮಾನಿನ ವರ್ಗ. ಒಳಗಿನ ನಾಲ್ಕು ಮೂಲೆಗಳಲ್ಲಿ ವರ್ಷ, ತಿಂಗಳು, ದಿನ, ಆ ದಿನ ಬಂದ ಅರ್ಜಿಯ ಸಂಖ್ಯೆ. ವರ್ಷದ ಅಕ್ಷರಗಳೂ ಸಾಲಾಗಿ ಬರುವುದಿಲ್ಲ: 1842ಕ್ಕೆ ‘ಎಕ್ಸ್’, 1843ಕ್ಕೆ ‘ಎಚ್’, 1844ಕ್ಕೆ ‘ಸಿ’, 1845ಕ್ಕೆ ‘ಎ’. ತಿಂಗಳಿಗೆ ಬೇರೆಯೇ ಅಕ್ಷರಗಳು. ಅಲ್ಲಿ ‘ಎಚ್’ ಅಂದರೆ ಏಪ್ರಿಲ್. ಹೀಗಾಗಿ ಮೇಲಿನ ಮೂಲೆಯಲ್ಲಿ ‘ಎ’, ಎಡಗಡೆ ‘ಎಚ್’, ಬಲಗಡೆ 26 ಇದ್ದರೆ 1845ನೇ ಇಸವಿಯ ಏಪ್ರಿಲ್ 26. ಅಕ್ಷರಗಳು ಮುಗಿದ ಮೇಲೆ 1868ರಿಂದ ಮತ್ತೆ ಅದೇ ಅಕ್ಷರಗಳನ್ನು ಮೊದಲಿನಿಂದ ತಂದರು, ಜಾಗ ಮಾತ್ರ ಬದಲಿಸಿದರು. ವರ್ಷದ ಅಕ್ಷರ ಬಲಮೂಲೆಗೆ ಹೋಯಿತು, ದಿನಾಂಕ ಮೇಲಕ್ಕೆ ಬಂತು. ಅದೇ ‘ಎ’ ಬಲಗಡೆ ಇದ್ದರೆ 1871! ಪಾತ್ರೆಯ ಮೇಲೆ ಮಾಡಿದವರ ಹೆಸರಿಲ್ಲದಿದ್ದರೂ ಈ ದಿನಾಂಕ ಹಿಡಿದು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ ಹುಡುಕಿದರೆ ನೋಂದಾಯಿಸಿದವರ ಹೆಸರು ಸಿಗುತ್ತದೆ. ನೂರೆಂಬತ್ತು ವರ್ಷ ಹಿಂದಿನ ಗುಮಾಸ್ತರು ಬರೆದಿಟ್ಟ ಲೆಕ್ಕ ಇವತ್ತು ಹೀಗೆ ಉಪಯೋಗಕ್ಕೆ ಬರುತ್ತದೆಂದು ಆ ಗುಮಾಸ್ತರಿಗೇ ಹೊಳೆದಿರಲಾರದು. 1884ರಿಂದ ಈ ಗುರುತು ಹೋಗಿ ಒಂದರಿಂದ ಆರಂಭವಾಗುವ ಸರಳ ಸಂಖ್ಯೆ ಬಂತು. 1900ರ ಹೊತ್ತಿಗೆ ಅದು ಮೂರೂವರೆ ಲಕ್ಷ ದಾಟಿತ್ತು.

ಒಂದು ಎಚ್ಚರ. ಇವೆಲ್ಲ ವಿನ್ಯಾಸ ನೋಂದಾಯಿಸಿದ ದಿನ ಹೇಳುತ್ತವೆಯೇ ಹೊರತು ನಿಮ್ಮ ಕೈಲಿರುವ ತಟ್ಟೆ ಗೂಡಿನಿಂದ ಹೊರಬಂದ ದಿನವನ್ನಲ್ಲ. ಚೆನ್ನಾಗಿ ಮಾರಾಟವಾಗುವ ಅಚ್ಚನ್ನು ವರ್ಷಗಟ್ಟಲೆ ಓಡಿಸುತ್ತಿದ್ದರು. ‘ಇದಕ್ಕಿಂತ ಹಿಂದಿನದಲ್ಲ’ ಎನ್ನುವಷ್ಟು ಮಾತ್ರ ಅದರಿಂದ ಖಚಿತ.

ಗುರುತಿನಲ್ಲಿ ಅಂಕಿ ಇದ್ದರಂತೂ ಇನ್ನೂ ಜೋಪಾನವಾಗಿರಬೇಕು. ರಾಯಲ್ ವುಸ್ಟರ್ ಗುರುತಿನ ನಡುವೆ 51 ಎಂದಿರುತ್ತದೆ. ಅದು ಕಾರ್ಖಾನೆ ಹುಟ್ಟಿದ 1751. ಪಾತ್ರೆಯ ನಿಜವಾದ ವರ್ಷ ಬೇಕಾದರೆ ಚುಕ್ಕಿ ಎಣಿಸಬೇಕು: 1892ರಲ್ಲಿ ಕಿರೀಟದ ಪಕ್ಕ ಒಂದು ಚುಕ್ಕಿ ಇಟ್ಟರು, ಮರುವರ್ಷ ಇನ್ನೊಂದು, ಹೀಗೆ 1915ರ ಹೊತ್ತಿಗೆ 24 ಚುಕ್ಕಿ. ಇನ್ನು ಇಡಲು ಜಾಗ ಸಾಲದೆ 1916ರಲ್ಲಿ ನಕ್ಷತ್ರಕ್ಕೆ ಹೋದರು. ನಮ್ಮ ಕರಾವಳಿಯಲ್ಲೂ ಇಂಥ ಗೊಂದಲವಿದೆ. ಹಳೆಯ ಮಂಗಳೂರು ಹೆಂಚಿನ ಮೇಲೆ ಬಾಸೆಲ್ ಮಿಷನ್ ಹೆಸರಿನ ಜೊತೆ 1865 ಎಂದಿದ್ದರೆ ಅದು ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭವಾದ ವರ್ಷ. ಮನೆಯ ಮಾಡೂ ಅಷ್ಟೇ ಹಳೆಯದೆಂದು ಹೇಳಿಕೊಳ್ಳುವವರಿಗೆ ಇದು ಸ್ವಲ್ಪ ನಿರಾಸೆಯ ಮಾತು. ಬಾಸೆಲ್ ಮಿಷನ್ ಬದಲು ಕಾಮನ್‌ವೆಲ್ತ್ ಎಂದಿದ್ದರೆ ಲೆಕ್ಕ ಸುಲಭ: ಮೊದಲ ಮಹಾಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು, ಆ ಹೆಂಚು ಆಮೇಲಿನದು.

ದೇಶದ ಹೆಸರು ತಳಕ್ಕೆ ಬಂದದ್ದಕ್ಕೆ ಮುಖ್ಯ ಕಾರಣ ಅಮೆರಿಕ. ಅಲ್ಲಿನ ಮೆಕಿನ್ಲಿ ಸುಂಕ ಕಾಯ್ದೆಯ ಪ್ರಕಾರ 1891ರಿಂದ ಆಮದಾಗುವ ವಸ್ತುವಿನ ಮೇಲೆ ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಲೇಬೇಕಿತ್ತು. ಆದ್ದರಿಂದ ‘ಇಂಗ್ಲೆಂಡ್’ ಎಂದಿರುವ ಪಿಂಗಾಣಿ ಸಾಮಾನ್ಯವಾಗಿ 1891ರ ನಂತರದ್ದು. ವೆಜ್‌ವುಡ್‌ನವರು 1860ರಿಂದ ಒತ್ತುತ್ತಿದ್ದ ಮೂರಕ್ಷರದ ಗುರುತಿಗೂ ಇದು ಕೀಲಿಕೈ. ಅದರ ಕೊನೆಯ ಅಕ್ಷರ ವರ್ಷದ್ದು. ‘ಎ’ ಇದ್ದರೆ 1872 ಆಗಬಹುದು, 1898 ಕೂಡ ಆಗಬಹುದು. ಪಕ್ಕದಲ್ಲಿ ‘ಇಂಗ್ಲೆಂಡ್’ ಇದೆಯೇ ನೋಡಿದರೆ ಜಗಳ ತೀರುತ್ತದೆ. ಜಪಾನಿನವರು ಮೊದಲು ‘ನಿಪ್ಪಾನ್’ ಎಂದು ಬರೆದರು. ಅದು ಇಂಗ್ಲಿಷ್ ಪದವಲ್ಲ ಎಂದು ಅಮೆರಿಕದ ಸುಂಕದವರು 1921ರಲ್ಲಿ ತಕರಾರು ತೆಗೆದ ಮೇಲೆ ‘ಜಪಾನ್’ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಸೋತು ಅಮೆರಿಕದ ಸೇನೆಯ ಹಿಡಿತದಲ್ಲಿದ್ದಾಗ, 1952ರವರೆಗೆ, ಅಲ್ಲಿಂದ ಬಂದ ಎಷ್ಟೋ ಗೊಂಬೆ, ಕಪ್ಪು, ಸಾಸರುಗಳ ಮೇಲೆ ‘ಆಕ್ಯುಪೈಡ್ ಜಪಾನ್’ ಎಂದಿದೆ.

ಆ ಎರಡು ಪದಗಳಿಗೆ ಸಂಗ್ರಾಹಕರಲ್ಲಿ ಗಿರಾಕಿ ಹೆಚ್ಚಿದ ಮೇಲೆ ಹೊಸ ಗೊಂಬೆಗಳ ತಳಕ್ಕೂ ಅದೇ ಠಸ್ಸೆ ಬೀಳತೊಡಗಿತು. ಇದನ್ನು ಪರೀಕ್ಷಿಸುವುದು ಸುಲಭ. ಉಗುರುಬಣ್ಣ ತೆಗೆಯುವ ದ್ರವವನ್ನು ಹತ್ತಿಗೆ ಹಚ್ಚಿ ತಳ ಉಜ್ಜಬೇಕು. ಮೆರುಗಿನ ಕೆಳಗೆ ಕೂತು ಬೆಂದ ಗುರುತು ಅಲುಗುವುದಿಲ್ಲ. ಆಮೇಲೆ ಒತ್ತಿದ ಶಾಯಿಯಾದರೆ ಹತ್ತಿಗೆ ಬಂದುಬಿಡುತ್ತದೆ. ಅಂಗಡಿಯವರನ್ನು ಕೇಳಿಯೇ ಉಜ್ಜಿ. ಕೆಲವರು ಬೇಡ ಅನ್ನುತ್ತಾರೆ.