ಸೌದೆ ಸೀಳುವ ವಿದ್ಯುತ್ ಯಂತ್ರ: ಕೊಳ್ಳುವ ಮೊದಲು ನೋಡಬೇಕಾದದ್ದು

(ಮಲೆನಾಡಿನ ಅಡಿಕೆ ಬೆಳೆಗಾರರ ಸಭೆಯಲ್ಲಿ ನೀಡಿದ ಭಾಷಣದ ಪಾಠ)



ಮಲೆನಾಡಿನ ಮನೆಗಳಲ್ಲಿ ಅಡಿಗೆಗೆ ಗ್ಯಾಸ್ ಬಂದು ಬಹಳ ವರ್ಷಗಳಾದರೂ ಬಚ್ಚಲ ಒಲೆಗೆ ಮಾತ್ರ ಇನ್ನೂ ಸೌದೆಯೇ ಬೇಕು. ದಿನ ಬೆಳಗಾದರೆ ಹಂಡೆಯ ನೀರು ಕಾಯಬೇಕು. ಇಂಥ ಮನೆಗಳಿಗೆ ಸೌದೆಯ ಬರವೇನೂ ಇಲ್ಲ. ತೋಟದ ಅಂಚಿನ ಅಕೇಶಿಯಾ, ಸಿಲ್ವರ್ ಓಕ್, ಗಾಳಿಗೆ ಬಿದ್ದ ಹಲಸು, ಮಾವು, ದಕ್ಷಿಣ ಕನ್ನಡದ ಕಡೆಯಾದರೆ ಹಾಲು ಬತ್ತಿದ ರಬ್ಬರ್ ಮರ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಬರ ಬಂದಿರುವುದು ಒಡೆಯುವ ಕೈಗಳಿಗೆ. ಆಳು ಸಿಗುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಅರವತ್ತು ದಾಟಿದ ಯಜಮಾನರೇ ಕೊಡಲಿ ಹಿಡಿದು ಅಂಗಳಕ್ಕೆ ಇಳಿಯಬೇಕಾಗಿದೆ. ಆದುದರಿಂದಲೇ ಸೌದೆ ಸೀಳುವ ವಿದ್ಯುತ್ ಯಂತ್ರದ ವಿಚಾರ ಈಗ ಎಲ್ಲ ಕಡೆಯೂ ಕೇಳಿಬರುತ್ತಿದೆ.

ಸೌದೆಯನ್ನು ಸೀಳುವುದೇಕೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಆಗ ಕಡಿದ ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ಭಾಗ ನೀರೇ ಇರುತ್ತದೆ. ತೊಗಟೆ ಈ ನೀರನ್ನು ಬೇಗ ಹೊರಗೆ ಬಿಡುವುದಿಲ್ಲ. ಸೀಳಿದ ಮೈ ಗಾಳಿಗೆ ತೆರೆದುಕೊಂಡಾಗಲೇ ಅದು ಚೆನ್ನಾಗಿ ಆರುತ್ತದೆ. ಒಂದು ಕಿಲೋ ನೀರು ಆವಿಯಾಗಲು ಸುಮಾರು 600 ಕಿಲೋ ಕ್ಯಾಲೊರಿ ಶಾಖ ಬೇಕು. ಹಸಿ ಸೌದೆ ಉರಿಸಿದರೆ ಇಷ್ಟು ಶಾಖ ಹಂಡೆಗೆ ತಲುಪದೆ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಹೊಗೆಯದು. ಉರಿಯಬೇಕಾದ ಅನಿಲವೇ ಉರಿಯದೆ ಹೊಗೆಯಾಗಿ ಹೊರಟು, ಒಲೆಯ ಮುಂದೆ ಕುಳಿತ ಹೆಣ್ಣುಮಗಳ ಕಣ್ಣಿಗೂ ಎದೆಗೂ ತಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಒಲೆಯೂ ಸಹ ಸಣ್ಣ, ಒಣ ಸೀಳುಗಳನ್ನು ಹಾಕಿದರೆ ಮಾತ್ರ ತನ್ನ ಗುಣ ತೋರಿಸುತ್ತದೆ.

ಇನ್ನು ಯಂತ್ರದ ಮಾತು. ಮನೆಬಳಕೆಗೆ ಬರುವ ಯಂತ್ರದಲ್ಲಿ ಮೋಟಾರು ಎಣ್ಣೆಯ ಪಂಪನ್ನು ತಿರುಗಿಸುತ್ತದೆ. ಎಣ್ಣೆಯ ಒತ್ತಡ ಕೊಳವೆಯೊಳಗಿನ ದಂಡವನ್ನು ಮುಂದಕ್ಕೆ ತಳ್ಳುತ್ತದೆ. ದಂಡವು ಕುಂಟೆಯನ್ನು ಉಕ್ಕಿನ ಬೆಣೆಗೆ ಒತ್ತಿ ಸೀಳುತ್ತದೆ. ಅಂಗಡಿಗೆ ಹೋದ ಕೂಡಲೇ ಕೇಳಿಬರುವ ಮಾತು, ಇದು ಐದು ಟನ್, ಅದು ಏಳು ಟನ್, ಇನ್ನೊಂದು ಹತ್ತು ಟನ್ ಎಂದು. ಬಹುಪಾಲು ಜನ ಟನ್ ಹೆಚ್ಚಿದಷ್ಟೂ ಒಳ್ಳೆಯದೆಂದು ಹಣ ಕಟ್ಟಿ ಬರುತ್ತಾರೆ. ಮೋಸ ಹೋಗುವುದು ಇಲ್ಲಿಯೇ.

ಈ ಟನ್ನಿನ ಲೆಕ್ಕ ಗುಟ್ಟಿನದೇನಲ್ಲ. ದಂಡದ ಹಿಂದಿರುವ ಪಿಸ್ಟನ್ನಿನ ಅಡ್ಡಳತೆ 5 ಸೆಂಟಿಮೀಟರ್ ಇದ್ದರೆ ಅದರ ಮುಖದ ವಿಸ್ತಾರ ಸುಮಾರು 20 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 250 ಕಿಲೋ ಇದ್ದರೆ ಒಟ್ಟು ಬಲ 5,000 ಕಿಲೋ, ಎಂದರೆ 5 ಟನ್. ಯಂತ್ರದ ಜೊತೆ ಕೊಡುವ ಪುಸ್ತಕದಲ್ಲಿ ಈ ಎರಡು ಅಂಕಿಗಳಿರಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು. ಇನ್ನೊಂದು ಪರೀಕ್ಷೆ ವೇಗದ್ದು. 2 ಅಶ್ವಶಕ್ತಿಯ ಮೋಟಾರು, ದಾರಿಯಲ್ಲಿ ಆಗುವ ನಷ್ಟವನ್ನು ಕಳೆದರೆ, 5 ಟನ್ ಬಲದಲ್ಲಿ ದಂಡವನ್ನು ಸೆಕೆಂಡಿಗೆ ಸುಮಾರು 2 ಸೆಂಟಿಮೀಟರಿನಷ್ಟೇ ತಳ್ಳಬಲ್ಲದು. ಬಲ ಹತ್ತು ಟನ್ ಆದರೆ ವೇಗ ಅರ್ಧಕ್ಕೆ ಇಳಿಯಲೇಬೇಕು. ಅದೇ ಎರಡು ಅಶ್ವಶಕ್ತಿಯಲ್ಲಿ ಹತ್ತು ಟನ್ನೂ ಉಂಟು, ಅಷ್ಟೇ ವೇಗವೂ ಉಂಟು ಎಂದು ಯಾರಾದರೂ ಹೇಳಿದರೆ ಎರಡರಲ್ಲಿ ಒಂದು ಸುಳ್ಳು. ಎರಡು ವೇಗದ ಪಂಪುಳ್ಳ ಯಂತ್ರಗಳು ಬರಿದಾಗಿ ಚಲಿಸುವಾಗ ಬೇಗ ಚಲಿಸುತ್ತವೆ, ನಿಜ. ಆದರೆ ಕುಂಟೆ ಬಿಗಿಯಾದ ಕ್ಷಣ ಅವೂ ನಿಧಾನವಾಗುತ್ತವೆ.

ಟನ್ನಿಗಿಂತ ಮೊದಲು ನೋಡಬೇಕಾದದ್ದು ಉದ್ದ. ಮನೆಬಳಕೆಯ ಚಿಕ್ಕ ಯಂತ್ರಗಳಲ್ಲಿ ಹಿಡಿಸುವ ಕುಂಟೆ ಸಾಮಾನ್ಯವಾಗಿ 50 ಸೆಂಟಿಮೀಟರಿನ ಆಸುಪಾಸು, ಎಂದರೆ ಒಂದೂವರೆ ಅಡಿಗಿಂತ ಸ್ವಲ್ಪ ಹೆಚ್ಚು. ನಮ್ಮ ಕಡೆಯ ರೂಢಿಯಾದರೋ ಎರಡೂವರೆ, ಮೂರು ಅಡಿಯ ಸೌದೆಯನ್ನು ಒಲೆಗಿಟ್ಟು ಉರಿದಂತೆಲ್ಲ ಮುಂದೆ ನೂಕುವುದು. ಯಂತ್ರ ಮನೆಗೆ ಬಂದ ಮೇಲೆ ಹಳೆಯ ಅಳತೆಯ ಕುಂಟೆಗಳನ್ನೆಲ್ಲ ಮತ್ತೆ ಗರಗಸಕ್ಕೆ ಕೊಡಬೇಕಾಗಿ ಬಂದರೆ ಕೊಡಲಿಯ ಕೆಲಸ ಉಳಿದು ಗರಗಸದ ಕೆಲಸ ಇಮ್ಮಡಿಯಾದಂತಾಯಿತು. ಆದುದರಿಂದ ಬಚ್ಚಲ ಒಲೆಯ ಬಾಯಿಯಿಂದ ಹಿಂಗೋಡೆಯವರೆಗೆ ಅಳೆದು, ಆ ಅಳತೆಗೆ ಮರ ಕುಯ್ಯಿಸುವ ಏರ್ಪಾಡು ಮೊದಲು ಆಗಬೇಕು. ಅಡಿಕೆ ಬೇಯಿಸುವ ದೊಡ್ಡ ಒಲೆಗೆ ದಪ್ಪ ಕೊರಡುಗಳೇ ಆದೀತು. ಅದಕ್ಕಾಗಿ ದೊಡ್ಡ ಯಂತ್ರ ಕೊಳ್ಳಬೇಕಾಗಿಲ್ಲ.

ಮರದ ಜಾತಿಯೂ ಮುಖ್ಯ. ನೆಟ್ಟಗೆ ಬೆಳೆದ ಸಿಲ್ವರ್ ಓಕ್, ರಬ್ಬರ್ ಮರಗಳು ಸುಲಭವಾಗಿ ಬಾಯಿ ಬಿಡುತ್ತವೆ. ನೀಲಗಿರಿಯ ನಾರು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹಸಿಯಿರುವಾಗಲೇ ಸೀಳುವುದು ಮೇಲು, ಒಣಗಿದರೆ ಬೆಣೆಯನ್ನೇ ಕಚ್ಚಿ ಹಿಡಿಯುತ್ತದೆ. ಹುಣಿಸೆಯೂ ಹಟಮಾರಿ. ಸೊಟ್ಟ ಅಕೇಶಿಯಾದ ಕವಲು, ಗಂಟುಗಳಿಗೆ ಐದು ಟನ್ ಸಾಲದೆ ಬರಬಹುದು. ಅಂಥ ನಾಲ್ಕು ಗಂಟುಗಳಿಗಾಗಿ ಹತ್ತು ಟನ್ನಿನ ಬೆಲೆ ತೆರುವುದಕ್ಕಿಂತ ಅವನ್ನು ಅಡಿಕೆ ಒಲೆಗೆ ಎತ್ತಿಡುವುದೇ ಜಾಣತನ. ಮಾರುವವರು ತಮ್ಮಲ್ಲಿರುವ ನೆಟ್ಟನೆಯ ತುಂಡನ್ನು ಒಡೆದು ತೋರಿಸುತ್ತಾರೆ. ಅದನ್ನು ನೋಡಿ ಮೆಚ್ಚಿಕೊಳ್ಳಬಾರದು. ಮನೆಯ ರಾಶಿಯಿಂದ ಅತ್ಯಂತ ಕೆಟ್ಟ ಐದಾರು ಕುಂಟೆಗಳನ್ನು ಜೀಪಿಗೆ ಹಾಕಿಕೊಂಡು ಹೋಗಿ, ಒಡೆದು ತೋರಿಸಿ ಎನ್ನಬೇಕು.

ಆದರೆ ಮಲೆನಾಡಿನಲ್ಲಿ ಈ ಯಂತ್ರ ಕೈಕೊಡುವುದು ಹೆಚ್ಚಾಗಿ ಕರೆಂಟಿನಿಂದ. ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಒಂಟಿ ಮನೆಗಳಿಗೆ 230 ವೋಲ್ಟ್ ಬರುವುದು ಅಪರೂಪ. ವೋಲ್ಟೇಜು 184ಕ್ಕೆ, ಎಂದರೆ ನೂರಕ್ಕೆ 80ಕ್ಕೆ ಇಳಿದರೆ ಮೋಟಾರು ಎಳೆಯುವ ಬಲ ನೂರಕ್ಕೆ 80 ಇರುವುದಿಲ್ಲ, 64ಕ್ಕೆ ಇಳಿಯುತ್ತದೆ. ಮೋಟಾರು ಗುಂಯ್‌ಗುಡುತ್ತದೆ, ತಿರುಗುವುದಿಲ್ಲ, ಸುರುಳಿ ಸುಡುತ್ತದೆ. ಇದಕ್ಕೆ ತೆಳು ತಂತಿಯ ಕಾಟವೂ ಸೇರುತ್ತದೆ. ಎರಡು ಅಶ್ವಶಕ್ತಿಯ ಮೋಟಾರು ಓಡುವಾಗ 8 ಆಂಪಿಯರ್ ಎಳೆದರೂ ಆರಂಭದ ಕ್ಷಣದಲ್ಲಿ ಅದರ ಐದು ಪಟ್ಟು, ಎಂದರೆ 40 ಆಂಪಿಯರ್ ಎಳೆಯಬಹುದು. ಆಗ 30 ಮೀಟರ್ ಉದ್ದದ 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿಯೇ ಸುಮಾರು 40 ವೋಲ್ಟ್ ಕಳೆದುಹೋಗುತ್ತದೆ. ತಂತಿ 2.5 ಚದರ ಮಿಲಿಮೀಟರಿನದಾದರೆ ನಷ್ಟ 16 ವೋಲ್ಟಿನಷ್ಟು. ಆದುದರಿಂದ ಯಂತ್ರಕ್ಕೆ ಹಣ ಕಟ್ಟುವ ಮೊದಲು ವೈರ್‌ಮನ್ನರನ್ನು ಕರೆಸಿ, ಮನೆಯಲ್ಲಿ ದೀಪ, ಮಿಕ್ಸಿ, ಪಂಪು ಎಲ್ಲ ನಡೆಯುತ್ತಿರುವ ಹೊತ್ತಿನಲ್ಲಿ ವೋಲ್ಟೇಜು ಅಳೆಸಬೇಕು. 200ಕ್ಕಿಂತ ಕೆಳಗಿದ್ದರೆ ಈ ಯಂತ್ರದ ಆಸೆ ಬಿಡುವುದೇ ಲೇಸು. ತೋಟದ ಪಂಪ್‌ಸೆಟ್ಟಿನ ಸಂಪರ್ಕ ನೀರಾವರಿಗೆಂದು ಕೊಟ್ಟದ್ದು, ಅದಕ್ಕೆ ಸೌದೆ ಯಂತ್ರ ಜೋಡಿಸಬಾರದು. ಸರಿಯಾದ ಅರ್ತಿಂಗ್, 30 ಮಿಲಿಆಂಪಿಯರಿಗೆ ಕಡಿತಗೊಳಿಸುವ ಇ.ಎಲ್.ಸಿ.ಬಿ., ಇವೆರಡೂ ಇಲ್ಲದೆ ಒದ್ದೆ ಅಂಗಳದಲ್ಲಿ ಯಂತ್ರ ನಡೆಸುವುದು ಜೀವಕ್ಕೇ ಅಪಾಯ.

ಬೆರಳಿನ ವಿಚಾರ. ಒಳ್ಳೆಯ ಯಂತ್ರಗಳಲ್ಲಿ ಎರಡು ಹಿಡಿಗಳಿದ್ದು, ಎರಡೂ ಕೈಯಿಂದ ಒತ್ತಿ ಹಿಡಿದರೆ ಮಾತ್ರ ದಂಡ ಮುಂದೆ ಬರುತ್ತದೆ. ಒಂದು ಕೈ ಬಿಟ್ಟರೂ ನಿಲ್ಲುತ್ತದೆ. ಕುಂಟೆ ಹಿಡಿಯಲು ಕೈ ಬೇಕೆಂದು ಒಂದು ಹಿಡಿಯನ್ನು ಹಗ್ಗದಿಂದ ಕಟ್ಟಿಹಾಕುವ ಚಾಳಿ ಕೆಲವರಿಗಿದೆ. ಹಾಗೆ ಕಟ್ಟಿದ ದಂಡ ಹಸ್ತವನ್ನೂ ಕುಂಟೆಯೆಂದೇ ಒತ್ತುತ್ತದೆ. ಒಬ್ಬರು ಇಟ್ಟು, ಇನ್ನೊಬ್ಬರು ಹಿಡಿ ಒತ್ತುವ ಪದ್ಧತಿಯೂ ಬೇಡ. ಯಂತ್ರದ ಬಳಿ ಒಬ್ಬರೇ ಇರಬೇಕು. ಕಡಿಮೆ ಬೆಲೆಗೆ ಸಿಗುತ್ತದೆಂದು ತಿರುಪಿನ ಮೂತಿ ಗರಗರ ತಿರುಗುವ ಇನ್ನೊಂದು ಬಗೆಯ ಯಂತ್ರವನ್ನು ಕೊಳ್ಳುವವರಿದ್ದಾರೆ. ಪಂಚೆಯ ಅಂಚು, ಸೀರೆಯ ಸೆರಗು, ಕೈಚೀಲದ ನೂಲು ಅದಕ್ಕೆ ಸಿಕ್ಕಿದರೆ ಸ್ವಿಚ್ಚು ಆರಿಸುವಷ್ಟು ಸಮಯವಿರುವುದಿಲ್ಲ. ಮನೆಗಳಿಗೆ ಅದು ತಕ್ಕದ್ದಲ್ಲ.

ಕುಂಟೆಯನ್ನು ನಾರಿನ ಉದ್ದಕ್ಕೇ ಇಡಬೇಕು, ಅಡ್ಡ ಇಡಬಾರದು. ತುದಿಗಳು ಓರೆಯಾಗಿ ಕುಯ್ದಿದ್ದರೆ ಜಾರಿ ಸಿಡಿಯುತ್ತವೆ. ದಂಡ ಒತ್ತಿ ನಿಂತಿತೆಂದರೆ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯದೆ ಹಿಂದಕ್ಕೆ ಬಿಟ್ಟು, ಕುಂಟೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಒತ್ತಡ ಹೆಚ್ಚಿಸಲೆಂದು ಕವಾಟದ ತಿರುಪನ್ನು ಮುಟ್ಟಲೇಬಾರದು.

ಬಚ್ಚಲಿಗೆ ಮಾತ್ರ ಸೌದೆ ಬಳಸುವ ಮನೆಗೆ ವರ್ಷದ ಸೌದೆ ಕೆಲವೇ ದಿನಗಳಲ್ಲಿ ಸೀಳಿ ಮುಗಿಯುತ್ತದೆ. ಉಳಿದ ದಿನವೆಲ್ಲ ಯಂತ್ರ ಕೊಟ್ಟಿಗೆಯ ಮೂಲೆಯಲ್ಲಿ ಧೂಳು ತಿನ್ನುತ್ತದೆ. ಆದುದರಿಂದ ನಾಲ್ಕೈದು ಮನೆಯವರು ಸೇರಿ ಒಂದನ್ನು ಕೊಂಡು, ಜನವರಿಯಿಂದ ಮಾರ್ಚಿಯೊಳಗೆ ಸರದಿಯಂತೆ ಸೀಳಿಕೊಂಡರೆ ಏಪ್ರಿಲ್, ಮೇ ಬಿಸಿಲಿಗೆ ಒಣಗಿ ಮಳೆಗೆ ಮುಂಚೆ ಸೌದೆ ಕೊಟ್ಟಿಗೆ ಸೇರುತ್ತದೆ. ಹಾಗೆ ಕೊಳ್ಳುವಾಗ ಕೊಳವೆಯ ಎಣ್ಣೆ ತಡೆಯುವ ರಬ್ಬರ್ ಸೀಲು ಹತ್ತಿರದ ಯಾವ ಪೇಟೆಯಲ್ಲಿ ಸಿಗುತ್ತದೆಂದು ಕೇಳಿ, ಒಂದು ಜೊತೆ ಹೆಚ್ಚಿಗೆ ತೆಗೆದಿಟ್ಟುಕೊಳ್ಳಬೇಕು. ಮೊದಲು ಸವೆಯುವ ಭಾಗಗಳಲ್ಲಿ ಅದೂ ಒಂದು.