ಮಳೆಗಾಲದ ಫ್ಲೂ ಜ್ವರ: ಮನೆಯಲ್ಲಿ ಯಾರಿಗೆ ಮೊದಲು ಲಸಿಕೆ?



ಮುಂಗಾರು ಮಳೆ ಬೀಳುವ ಮುನ್ನ ರೈತನು ಮಾಡಿಕೊಳ್ಳುವ ಸಿದ್ಧತೆಗಳು ಹಲವು. ಹೊಲವನ್ನು ಉತ್ತು ಹದಗೊಳಿಸುತ್ತಾನೆ. ಬೀಜ ಗೊಬ್ಬರಗಳನ್ನು ಒದಗಿಸಿಕೊಳ್ಳುತ್ತಾನೆ. ಸೋರುವ ಮನೆಯ ಹೆಂಚು ಕೈಯಾಡಿಸುತ್ತಾನೆ. ಮನೆಯಾಕೆ ಸೌದೆ, ಬೆರಣಿಗಳನ್ನು ಒಳಗೆ ಸೇರಿಸುತ್ತಾಳೆ. ಆದರೆ ಮನೆಮಂದಿಯ ಶ್ವಾಸಕೋಶಗಳಿಗೂ ಮಳೆಗಾಲಕ್ಕೆ ಮುಂಚೆ ಒಂದು ಸಿದ್ಧತೆ ಬೇಕೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ಆ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಲು ಇಚ್ಛಿಸುತ್ತೇನೆ.

ಮೂಗು ಸೋರಿ, ನಾಲ್ಕು ಸೀನು ಬಂದು, ಮೂರು ದಿನಗಳಲ್ಲಿ ಹೋಗುವ ನೆಗಡಿ ಬೇರೆ. ಇನ್‌ಫ್ಲುಯೆಂಜಾ ಅಥವಾ ಫ್ಲೂ ಜ್ವರ ಬೇರೆ. ಫ್ಲೂ ಹಠಾತ್ತನೆ ಬರುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದವನು ಸಂಜೆಗೆ ಹಾಸಿಗೆ ಹಿಡಿಯುತ್ತಾನೆ. ಮೈಕಾವು ಏರುತ್ತದೆ, ತಲೆ ಸಿಡಿಯುತ್ತದೆ, ಕೈಕಾಲು ಸೊಂಟಗಳು ನೋಯುತ್ತವೆ, ಒಣ ಕೆಮ್ಮು ಬಿಡದೆ ಕಾಡುತ್ತದೆ. ಗಟ್ಟಿಮುಟ್ಟಾದ ಆಳಿಗೆ ಒಂದು ವಾರದಲ್ಲಿ ಗುಣವಾಗಬಹುದು. ಆದರೆ ಕೆಲವರಲ್ಲಿ ಅದು ಎದೆಗೆ ಇಳಿದು ನ್ಯುಮೋನಿಯಾ ಆಗಿ ಪ್ರಾಣಕ್ಕೆ ಅಪಾಯ ತರುತ್ತದೆ. ಆ ಕೆಲವರು ಯಾರೆಂಬುದೇ ಇಂದಿನ ನಮ್ಮ ಮಾತಿನ ಮುಖ್ಯ ವಿಷಯ.

ಈ ರೋಗ ನಮಗೆ ಹೊಸದೇನೂ ಅಲ್ಲ. 1918ರಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಫ್ಲೂ, ರೈಲು ದಾರಿಗಳನ್ನು ಹಿಡಿದು ದೇಶವನ್ನೆಲ್ಲ ವ್ಯಾಪಿಸಿ, ಒಂದು ಕೋಟಿಗೂ ಹೆಚ್ಚು ಜನರನ್ನು ಆಹುತಿ ತೆಗೆದುಕೊಂಡಿತು. 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆ ಏರುವ ಬದಲು ಇಳಿಯಿತೆಂದರೆ ಅದಕ್ಕೆ ಈ ಪಿಡುಗೇ ಮುಖ್ಯ ಕಾರಣ. ಅಂದು ಮಡಿದವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಅದರಲ್ಲಿಯೂ ಮಕ್ಕಳನ್ನು ಹೆರುವ ವಯಸ್ಸಿನವರು. 2009ರಲ್ಲಿ ಎಚ್1ಎನ್1 ಎಂಬ ಹೊಸ ಬಗೆಯ ಫ್ಲೂ ಬಂದಾಗಲೂ ಗರ್ಭಿಣಿಯರಲ್ಲಿ ರೋಗ ಉಲ್ಬಣಿಸಿದ್ದನ್ನು ವೈದ್ಯರು ಕಂಡರು.

ಈಗ ಒಂದು ಮನೆಯನ್ನು ಭಾವಿಸಿಕೊಳ್ಳಿ. ಅಲ್ಲಿ ಗಂಡ, ಏಳು ತಿಂಗಳ ಗರ್ಭಿಣಿಯಾದ ಹೆಂಡತಿ, ಮೂರು ವರ್ಷದ ಮಗಳು, ಉಬ್ಬಸದಿಂದ ನರಳುವ ಅತ್ತೆ, ಅರವತ್ತೆಂಟು ವರ್ಷದ ಮಾವ ಇದ್ದಾರೆ. ಇವರಲ್ಲಿ ಯಾರಿಗೆ ಮೊದಲು ಲಸಿಕೆ ಹಾಕಿಸಬೇಕು?

ಮೊದಲ ಸ್ಥಾನ ಗರ್ಭಿಣಿಯದು. ಬೆಳೆಯುವ ಗರ್ಭವು ವಪೆಯನ್ನು ಮೇಲಕ್ಕೊತ್ತುವುದರಿಂದ ಆಕೆಯ ಶ್ವಾಸಕೋಶಗಳಿಗೆ ಎಡೆ ಕಡಿಮೆಯಾಗುತ್ತದೆ. ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಆದುದರಿಂದ ಇತರರು ತಾಳಿಕೊಳ್ಳುವ ಫ್ಲೂ ಆಕೆಯನ್ನು ಆಸ್ಪತ್ರೆಗೆ ಒಯ್ಯಬಹುದು. ದಿನ ತುಂಬುವ ಮೊದಲೇ ಹೆರಿಗೆಯಾಗಲೂಬಹುದು. ಇದಲ್ಲದೆ ಮತ್ತೊಂದು ದೊಡ್ಡ ಕಾರಣವುಂಟು. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆಯನ್ನು ಕೊಡುವುದಿಲ್ಲ. ಆದರೆ ಆ ವಯಸ್ಸಿನ ಕೂಸಿಗೆ ಫ್ಲೂ ಬಹಳ ಅಪಾಯಕಾರಿ. ಹಾಗಾದರೆ ಅದನ್ನು ಕಾಪಾಡುವವರು ಯಾರು? ತಾಯಿಯೇ. ಗರ್ಭಿಣಿಯಾಗಿದ್ದಾಗ ಆಕೆ ಪಡೆದ ಲಸಿಕೆಯಿಂದ ಹುಟ್ಟಿದ ರಕ್ಷಣಾಶಕ್ತಿ ಮಾಸಿನ ಮೂಲಕ ಮಗುವಿನ ರಕ್ತಕ್ಕೆ ಸೇರುತ್ತದೆ. ಹುಟ್ಟಿದ ಮೇಲೆ ಎದೆಹಾಲೂ ನೆರವಾಗುತ್ತದೆ. ನೆರೆಯ ಬಾಂಗ್ಲಾದೇಶದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಸುರಿನಲ್ಲಿ ಫ್ಲೂ ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಪರೀಕ್ಷೆಯಿಂದ ದೃಢಪಟ್ಟ ಫ್ಲೂ ನೂರಕ್ಕೆ 63ರಷ್ಟು ಕಡಿಮೆಯಾಗಿತ್ತು. ಒಂದೇ ಚುಚ್ಚುಮದ್ದು, ಎರಡು ಜೀವಗಳಿಗೆ ಕಾವಲು. ವಿಶ್ವ ಆರೋಗ್ಯ ಸಂಸ್ಥೆಯು 2012ರಲ್ಲಿ ಗರ್ಭಿಣಿಯರಿಗೆ ಮೊದಲ ಆದ್ಯತೆ ನೀಡಬೇಕೆಂದು ಹೇಳಿದ್ದು ಇದರಿಂದಲೇ.

ಎರಡನೆಯದಾಗಿ ಉಬ್ಬಸದ ಅತ್ತೆ, ವಯಸ್ಸಾದ ಮಾವ. ಉಬ್ಬಸ, ಮಧುಮೇಹ, ಹೃದಯ ಅಥವಾ ಮೂತ್ರಪಿಂಡಗಳ ದೀರ್ಘಕಾಲದ ಕಾಯಿಲೆ ಇರುವವರು ಯಾವ ವಯಸ್ಸಿನವರಾದರೂ ಲಸಿಕೆ ಪಡೆಯತಕ್ಕವರೇ. ಮುಪ್ಪಿನಲ್ಲಿ ದೇಹದ ರಕ್ಷಣಾಶಕ್ತಿ ಕುಂದುತ್ತದೆ. ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚುವವರು, ತೊಟ್ಟಿಲು ತೂಗುವವರು ಇವರೇ ಎಂಬುದನ್ನೂ ನೆನಪಿಡಿ. ಅಜ್ಜಿಯ ಕೆಮ್ಮು ಕೂಸಿಗೆ ತಲುಪಲು ಹೆಚ್ಚು ದೂರವಿಲ್ಲ.

ಮೂರನೆಯದಾಗಿ ಐದು ವರ್ಷದೊಳಗಿನ ಮಕ್ಕಳು. ಆರು ತಿಂಗಳು ತುಂಬಿದ ಮಗುವಿಗೆ ಲಸಿಕೆ ಕೊಡಿಸಬಹುದು. ಮೊದಲ ಸಲ ಕೊಡಿಸುವಾಗ ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ ಹಾಕಿಸಬೇಕು. ಆ ಬಳಿಕ ವರ್ಷಕ್ಕೊಮ್ಮೆ ಸಾಕು. ಇನ್ನು ಆರೋಗ್ಯವಂತನಾದ ಗಂಡ ಕೊನೆಗೆ ಹಾಕಿಸಿಕೊಂಡರೂ ನಡೆದೀತು.

ಒಮ್ಮೆ ಹಾಕಿಸಿದರೆ ಸಾಲದೇ, ಪ್ರತಿವರ್ಷ ಏಕೆ ಎಂದು ನೀವು ಕೇಳಬಹುದು. ದಡಾರದ ವೈರಸ್ಸು ತನ್ನ ರೂಪವನ್ನು ಹೆಚ್ಚು ಬದಲಿಸುವುದಿಲ್ಲ. ಫ್ಲೂ ವೈರಸ್ಸು ಹಾಗಲ್ಲ. ಅದು ವೇಷ ಬದಲಿಸುತ್ತ ಹೋಗುವ ಕಳ್ಳನಂತೆ. ಹೋದ ವರ್ಷದ ಗುರುತು ಹಿಡಿದು ಈ ವರ್ಷದ ಕಳ್ಳನನ್ನು ಹಿಡಿಯಲಾಗದು. ಅಲ್ಲದೆ ಲಸಿಕೆಯ ಶಕ್ತಿಯೂ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಆದುದರಿಂದ ಲೋಕದ ನಾನಾ ದೇಶಗಳ ಪ್ರಯೋಗಾಲಯಗಳು ವರ್ಷವಿಡೀ ವೈರಸ್ಸಿನ ಮೇಲೆ ಕಣ್ಣಿಟ್ಟಿರುತ್ತವೆ. ಪುಣೆಯಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆ ಅವುಗಳಲ್ಲೊಂದು. ಅವುಗಳ ವರದಿಗಳನ್ನು ಪರಿಶೀಲಿಸಿ ವಿಶ್ವ ಆರೋಗ್ಯ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ, ಫೆಬ್ರವರಿಯಲ್ಲಿ ಹಾಗೂ ಸೆಪ್ಟೆಂಬರಿನಲ್ಲಿ, ಮುಂದಿನ ಲಸಿಕೆಯಲ್ಲಿ ಏನಿರಬೇಕೆಂದು ಸೂಚಿಸುತ್ತದೆ.

ನಮ್ಮ ದೇಶದಲ್ಲಿ ಫ್ಲೂ ಸಾಮಾನ್ಯವಾಗಿ ಎರಡು ಸಲ ಏರುತ್ತದೆ: ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಒಮ್ಮೆ, ಜನವರಿಯಿಂದ ಮಾರ್ಚಿನವರೆಗೆ ಮತ್ತೊಮ್ಮೆ. ಚುಚ್ಚುಮದ್ದು ಹಾಕಿಸಿದ ಮೇಲೆ ದೇಹದಲ್ಲಿ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ನಮ್ಮ ನಾಡಿನವರಿಗೆ ಮುಂಗಾರಿಗೆ ಮುಂಚಿನ ಕಾಲವೇ ಪ್ರಶಸ್ತ. ಗರ್ಭಿಣಿಯಾದರೋ ಕಾಲಕ್ಕಾಗಿ ಕಾಯಬೇಕಾಗಿಲ್ಲ. ಬಸುರಿನ ಯಾವ ತಿಂಗಳಿನಲ್ಲಾದರೂ ಹಾಕಿಸಿಕೊಳ್ಳಬಹುದು.

"ಬಸುರಿ ಹೆಂಗಸಿಗೆ ಸೂಜಿ ಬೇಡ, ಮಗುವಿಗೆ ತಗಲೀತು" ಎಂದು ಹಿರಿಯರು ಹೇಳುವುದುಂಟು. ಅವರ ಕಾಳಜಿ ದೊಡ್ಡದು, ಆದರೆ ಭಯಕ್ಕೆ ಆಧಾರವಿಲ್ಲ. ಧನುರ್ವಾಯು ತಡೆಯಲು ಗರ್ಭಿಣಿಯರಿಗೆ ಚುಚ್ಚುಮದ್ದು ಕೊಡುವುದು ನಮ್ಮಲ್ಲಿ ದಶಕಗಳಿಂದ ನಡೆದುಬಂದಿದೆ. ಗರ್ಭಿಣಿಗೆ ಕೊಡುವ ಫ್ಲೂ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ಸು ಇರುವುದಿಲ್ಲ. ಅದರಿಂದ ಫ್ಲೂ ಬರಲಾರದು. ತೋಳು ನೋಯಬಹುದು; ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಮೂಗಿಗೆ ಸಿಂಪಡಿಸುವ ಲಸಿಕೆ ಬೇರೆ ಬಗೆಯದು. ಅದು ಸಜೀವವಾದುದರಿಂದ ಗರ್ಭಿಣಿಯರಿಗೆ ಸಲ್ಲದು. ಹಿಂದೆ ಈ ಲಸಿಕೆಯಿಂದ ತೀವ್ರ ಅಲರ್ಜಿಯಾಗಿದ್ದರೆ, ಅಥವಾ ಆ ದಿನ ಜ್ವರ ಜೋರಾಗಿದ್ದರೆ, ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.

ಈ ಲಸಿಕೆ ಎಲ್ಲ ನೆಗಡಿ ಕೆಮ್ಮುಗಳನ್ನೂ ತಡೆಯುತ್ತದೆಂದು ನಾನು ಹೇಳಲಾರೆ. ವೈರಸ್ಸಿಗೂ ಲಸಿಕೆಗೂ ಚೆನ್ನಾಗಿ ಹೊಂದಿಕೆಯಾದ ವರ್ಷಗಳಲ್ಲಿ ವೈದ್ಯರ ಬಳಿಗೆ ಹೋಗಬೇಕಾಗುವಷ್ಟು ಫ್ಲೂ ನೂರಕ್ಕೆ 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಲಸಿಕೆ ಪಡೆದೂ ರೋಗ ಬಂದರೆ ಅದು ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. ಕೋವಿಡ್ ಲಸಿಕೆ ಪಡೆದವರಿಗೂ ಫ್ಲೂ ಲಸಿಕೆ ಬೇರೆಯಾಗಿಯೇ ಬೇಕು. ಮಕ್ಕಳಿಗೆ ಸರ್ಕಾರದಿಂದ ಉಚಿತವಾಗಿ ದೊರೆಯುವ ನ್ಯುಮೋಕಾಕಲ್ ಲಸಿಕೆಯು ಬ್ಯಾಕ್ಟೀರಿಯಾದಿಂದ ಬರುವ ಒಂದು ನ್ಯುಮೋನಿಯಾವನ್ನು ತಡೆಯುತ್ತದೆಯೇ ಹೊರತು ಫ್ಲೂವನ್ನಲ್ಲ. ಹಾಗೆಂದು ಅದನ್ನು ತಪ್ಪಿಸಬಾರದು.

ಖರ್ಚಿನ ಮಾತನ್ನೂ ಮರೆಮಾಚದೆ ಹೇಳಬೇಕು. ಫ್ಲೂ ಲಸಿಕೆಯು ಎಲ್ಲರಿಗೂ ಉಚಿತವಾಗಿ ದೊರೆಯುವ ರಾಷ್ಟ್ರೀಯ ಲಸಿಕಾ ಪಟ್ಟಿಯಲ್ಲಿ ಇಲ್ಲ. ಹಲವರು ಹಣ ತೆತ್ತು ಹಾಕಿಸಿಕೊಳ್ಳಬೇಕಾಗುತ್ತದೆ. ಎಲ್ಲರಿಗೂ ಒಮ್ಮೆಗೇ ಹಾಕಿಸಲು ಕೈ ಸಾಗದಿದ್ದರೆ ಮೇಲೆ ಹೇಳಿದ ಕ್ರಮವನ್ನು ಅನುಸರಿಸಿ. ಒಬ್ಬರಿಗೆ ಮಾತ್ರ ಸಾಧ್ಯವೆಂದಾದರೆ ಗರ್ಭಿಣಿಗೆ ಹಾಕಿಸಿ. ತಾಯಿ ಕಾರ್ಡನ್ನು ಹಿಡಿದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ವೈದ್ಯರನ್ನು ಕೇಳಿ; ಆಶಾ ಕಾರ್ಯಕರ್ತೆಯೂ ದಾರಿ ತೋರುತ್ತಾಳೆ.

ಲಸಿಕೆ ಹಾಕಿಸಿದರೂ ಎಚ್ಚರ ತಪ್ಪಬಾರದು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಿರಿ. ಸೋಪಿನಿಂದ ಕೈ ತೊಳೆಯಿರಿ. ಅಡುಗೆಮನೆಯ ಹೊಗೆ ಹೊರಹೋಗುವಂತೆ ಮಾಡಿರಿ. ಮಗುವಿಗೆ ಕೆಮ್ಮು ಜ್ವರ ಬಂದರೆ ಅದು ಸುಮ್ಮನಿರುವಾಗ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಿ. ಎರಡು ತಿಂಗಳೊಳಗಿನ ಕೂಸಿನಲ್ಲಿ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಉಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಕೂಸು ಹಾಲು ಕುಡಿಯದಿದ್ದರೆ ಎಣಿಸುತ್ತ ಕೂರಬೇಡಿ. ಗರ್ಭಿಣಿಗೆ ಜ್ವರದೊಡನೆ ಉಸಿರುಕಟ್ಟಿದಂತಾದರೆ ಬೆಳಗಾಗಲೆಂದು ಕಾಯಬೇಡಿ. ಫ್ಲೂವಿನ ಔಷಧವು ಮೊದಲ ಎರಡು ದಿನಗಳಲ್ಲಿ ಆರಂಭವಾದರೆ ಹೆಚ್ಚು ಗುಣ ಕೊಡುತ್ತದೆ.

ಸೋದರಿಯರೇ, ಜ್ವರ ಬಂದರೂ ಮುಚ್ಚಿಟ್ಟುಕೊಂಡು ಒಲೆಯ ಮುಂದೆ ಕೂರುವುದು ತಾಳ್ಮೆಯಲ್ಲ. ಅದು ನಿಮಗೂ ಹುಟ್ಟಲಿರುವ ಮಗುವಿಗೂ ಮಾಡುವ ಅನ್ಯಾಯ. ಸೋದರರೇ, ಹೆಂಡತಿಯನ್ನು ಲಸಿಕೆಗೆ ಕರೆದೊಯ್ಯುವುದು ಹೆಂಗಸರ ಕೆಲಸವೆಂದು ಬಿಡಬೇಡಿ. ಬಿತ್ತನೆಗೆ ಒಂದು ದಿನ ತಡವಾದರೆ ಮರುದಿನ ಬಿತ್ತಬಹುದು. ಮಳೆ ಹಿಡಿಯುವ ಮುನ್ನ ಒಂದು ಅರ್ಧ ದಿನವನ್ನು ತಾಯಿ ಮಗುವಿಗಾಗಿ ತೆಗೆದಿರಿಸಿ. ಇಬ್ಬರೂ ಕೂಡಿ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿ.